ಸಕ್ಕರೆ ಒಂದೇ, ಮೂತ್ರಪಿಂಡದ ಪಾಡು ಬೇರೆ ಬೇರೆ

ಅಮೆರಿಕದ ಬಾಸ್ಟನ್ ನಗರದಲ್ಲಿ ಒಂದು ಅಪರೂಪದ ಪದಕವಿದೆ. ಅದನ್ನು ಪಡೆಯಲು ಓಟ ಓಡಬೇಕಿಲ್ಲ, ಕುಸ್ತಿ ಗೆಲ್ಲಬೇಕಿಲ್ಲ. ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುತ್ತ ಐವತ್ತು ವರ್ಷ ಬದುಕಿದ್ದರೆ ಸಾಕು! ಅಲ್ಲಿನ ಜಾಸ್ಲಿನ್ ಮಧುಮೇಹ ಕೇಂದ್ರ 1970ರಿಂದ ಈ ಪದಕವನ್ನು ಕೊಡುತ್ತ ಬಂದಿದೆ. ಮಧುಮೇಹ ಬಂದ ಮಕ್ಕಳು ಬಹುಕಾಲ ಬಾಳುವುದಿಲ್ಲ ಎಂದು ವೈದ್ಯರೇ ನಂಬಿದ್ದ ದಿನಗಳಲ್ಲಿ ಕಾಯಿಲೆಗೆ ತುತ್ತಾದವರು ಇವರು. ಆ ಮಾತನ್ನು ಸುಳ್ಳು ಮಾಡಿ ಮೊಮ್ಮಕ್ಕಳನ್ನು ಎತ್ತಿ ಆಡಿಸಿದರು.

ಈ ಪದಕಧಾರಿಗಳನ್ನೇ ವಿಜ್ಞಾನಿಗಳು ಪರೀಕ್ಷೆಗೆ ಒಳಪಡಿಸಿದರು. 351 ಮಂದಿಯನ್ನು ತಪಾಸಿಸಿದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 87ರಷ್ಟು ಜನರ ಮೂತ್ರಪಿಂಡಗಳು ಮಧುಮೇಹದ ಹಾನಿಗೆ ಸಿಕ್ಕಿರಲಿಲ್ಲ. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಷ್ಟೇ ಪಾರಾಗಿದ್ದರೆ ಅಚ್ಚರಿಪಡಬೇಕಾಗಿರಲಿಲ್ಲ. ಆದರೆ ಪರೀಕ್ಷೆಯ ಕಾಲದಲ್ಲಿ ಅವರ ರಕ್ತದಲ್ಲಿದ್ದ ಸಕ್ಕರೆಯ ಮಟ್ಟಕ್ಕೂ ಮೂತ್ರಪಿಂಡದ ಸ್ಥಿತಿಗೂ ನೇರ ತಾಳೆ ಸಿಗಲಿಲ್ಲ.

ಜಾಣ ವಿದ್ಯಾರ್ಥಿ ಇಲ್ಲೊಂದು ಪ್ರಶ್ನೆ ಎತ್ತಬಹುದು. ‘ಮೂತ್ರಪಿಂಡ ಕೆಟ್ಟವರು ಐವತ್ತು ವರ್ಷ ತುಂಬುವ ಮೊದಲೇ ತೀರಿಕೊಂಡಿರಬಹುದಲ್ಲವೇ? ಉಳಿದವರನ್ನಷ್ಟೇ ಎಣಿಸಿದರೆ ಲೆಕ್ಕ ತಪ್ಪುವುದಿಲ್ಲವೇ?’ ಪ್ರಶ್ನೆ ಸರಿಯಾಗಿಯೇ ಇದೆ. ಅದಕ್ಕಾಗಿಯೇ ಪದಕಧಾರಿಗಳ ಕಥೆಯೊಂದನ್ನೇ ನಂಬಿ ವಿಜ್ಞಾನ ಕುಳಿತಿಲ್ಲ. ಒಂದೇ ಕಾಯಿಲೆ ಒಬ್ಬರ ಮೂತ್ರಪಿಂಡವನ್ನು ತಿಂದುಹಾಕಿ ಇನ್ನೊಬ್ಬರದನ್ನು ಮುಟ್ಟದೆ ಬಿಡುವುದೇಕೆ ಎಂಬ ಒಗಟಿನ ಬೆನ್ನು ಹತ್ತಿ ಅದು ಬಹಳ ದೂರ ನಡೆದು ಬಂದಿದೆ.

ಹಳೆಯ ಸಾವು ಹೋಯಿತು, ಹೊಸ ಕಾಟ ಬಂತು

ಮಧುಮೇಹ ಅಥವಾ ಸಕ್ಕರೆ ಕಾಯಿಲೆಯಲ್ಲಿ ಮುಖ್ಯವಾಗಿ ಎರಡು ಬಗೆ. ನಮ್ಮ ಸುತ್ತಮುತ್ತ ನಡುವಯಸ್ಸು ದಾಟಿದವರಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯ ಬಗೆ. ಮೊದಲನೆಯ ಬಗೆ ಸಾಮಾನ್ಯವಾಗಿ ಮಕ್ಕಳನ್ನೂ ಹದಿಹರೆಯದವರನ್ನೂ ಹಿಡಿಯುತ್ತದೆ. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ಹೆಚ್ಚು ಸಿಹಿ ತಿಂದದ್ದರಿಂದ ಇದು ಬರುವುದಿಲ್ಲ. ಹೊರಗಿನಿಂದ ಇನ್ಸುಲಿನ್ ಕೊಡದೆ ಬದುಕು ಸಾಗುವುದಿಲ್ಲ.

1922ರ ಜನವರಿ 11ರಂದು ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಇನ್ಸುಲಿನ್ ಚುಚ್ಚುಮದ್ದು ಕೊಡಲಾಯಿತು. ಮನುಷ್ಯನಿಗೆ ಇನ್ಸುಲಿನ್ ಚಿಕಿತ್ಸೆ ಆರಂಭವಾದದ್ದು ಆಗಲೇ. ಅಲ್ಲಿಯವರೆಗೆ ಕಾಯಿಲೆ ಪತ್ತೆಯಾದ ಮಕ್ಕಳು ಕೆಲವು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷ ಸವೆದು ಸಾಯುತ್ತಿದ್ದರು. ಇನ್ಸುಲಿನ್ ಅವರನ್ನು ಉಳಿಸಿತು. ಆದರೆ ಹತ್ತಾರು ವರ್ಷ ಬದುಕಿದ ಮೇಲೆ ಬೇರೆಯದೇ ತೊಂದರೆಗಳು ತಲೆಯೆತ್ತಿದವು. 1936ರಲ್ಲಿ ಪಾಲ್ ಕಿಮ್ಮೆಲ್‌ಸ್ಟೀಲ್ ಮತ್ತು ಕ್ಲಿಫರ್ಡ್ ವಿಲ್ಸನ್ ಎಂಬ ವೈದ್ಯರು ಮಧುಮೇಹಿಗಳ ಮೂತ್ರಪಿಂಡದಲ್ಲಿ ವಿಶಿಷ್ಟವಾದ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವರದಿ ಮಾಡಿದರು. ಆ ಗಂಟುಗಳಿಗೆ ಇಂದಿಗೂ ಅವರಿಬ್ಬರ ಹೆಸರೇ ಇದೆ.

ಬಸಿಯುವ ತಟ್ಟೆ ತೂತಾದಾಗ

ಒಂದೊಂದು ಮೂತ್ರಪಿಂಡದಲ್ಲೂ ಸುಮಾರು ಹತ್ತು ಲಕ್ಷ ಶೋಧಕ ಘಟಕಗಳಿವೆ. ಇವೇ ನೆಫ್ರಾನ್‌ಗಳು. ಪ್ರತಿ ನೆಫ್ರಾನಿನ ಆರಂಭದಲ್ಲಿ ಗ್ಲೊಮೆರುಲಸ್ ಎಂಬ ಸೂಕ್ಷ್ಮ ರಕ್ತನಾಳಗಳ ಉಂಡೆಯಿದೆ. ಇವೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬಹುಪಾಲು ಮತ್ತೆ ರಕ್ತಕ್ಕೆ ಸೇರಿ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ.

ಅನ್ನ ಬಸಿಯುವಾಗ ಗಂಜಿ ಇಳಿದುಹೋಗಿ ಅಗುಳು ಪಾತ್ರೆಯಲ್ಲೇ ಉಳಿಯುತ್ತದಲ್ಲವೇ? ಹಾಗೆಯೇ ಗ್ಲೊಮೆರುಲಸ್ಸಿನಲ್ಲಿ ನೀರು, ಲವಣ, ಯೂರಿಯಾ ಇಳಿಯುತ್ತವೆ. ಆಲ್ಬುಮಿನ್‌ನಂಥ ದೊಡ್ಡ ಪ್ರೋಟೀನ್ ಕಣಗಳು ರಕ್ತದಲ್ಲೇ ನಿಲ್ಲುತ್ತವೆ. ಸಕ್ಕರೆಯ ಅಂಶ ವರ್ಷಗಟ್ಟಲೆ ಏರಿಯೇ ಇದ್ದರೆ ಈ ಶೋಧಕ ಪೊರೆ ದಪ್ಪವಾಗುತ್ತದೆ, ಅದರ ರಚನೆ ಕೆಡುತ್ತದೆ. ಆಗ ಆಲ್ಬುಮಿನ್ ಸೋರತೊಡಗುತ್ತದೆ. ಆರೋಗ್ಯವಂತರ ಮೂತ್ರದಲ್ಲಿ ದಿನಕ್ಕೆ 30 ಮಿಲಿಗ್ರಾಂಗಿಂತ ಕಡಿಮೆ ಆಲ್ಬುಮಿನ್ ಇರುತ್ತದೆ. 30ರಿಂದ 300ರವರೆಗೆ ಇದ್ದರೆ ಅದು ಮೊದಲ ಎಚ್ಚರಿಕೆ. 300 ದಾಟಿದರೆ ಹಾನಿ ಮುಂದುವರಿದಿದೆ ಎಂದರ್ಥ. ಕೊನೆಯ ಹಂತದಲ್ಲಿ ಮೂತ್ರಪಿಂಡ ಕೈಚೆಲ್ಲಿದಾಗ ಡಯಾಲಿಸಿಸ್ ಅಥವಾ ಬದಲಿ ಮೂತ್ರಪಿಂಡದ ಜೋಡಣೆ ಬಿಟ್ಟರೆ ಬೇರೆ ದಾರಿಯಿಲ್ಲ. ಈ ಇಡೀ ಪಯಣದ ಮೊದಲ ಹಲವು ವರ್ಷ ರೋಗಿಗೆ ನೋವಿಲ್ಲ, ಉರಿಯಿಲ್ಲ, ಯಾವ ಸುಳಿವೂ ಇಲ್ಲ.

ಡೆನ್ಮಾರ್ಕಿನ ನಕ್ಷೆ ಹೇಳಿದ್ದೇನು?

ಡೆನ್ಮಾರ್ಕಿನ ಸ್ಟೆನೊ ಆಸ್ಪತ್ರೆಯ ವೈದ್ಯರು 1953ಕ್ಕಿಂತ ಮೊದಲು ಮೊದಲನೆಯ ಬಗೆಯ ಮಧುಮೇಹ ಬಂದಿದ್ದ ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳನ್ನು ಕೂಡಿಸಿ 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಶೇಕಡಾ 41ರಷ್ಟು ಜನರಿಗೆ ಮೂತ್ರಪಿಂಡದ ರೋಗ ಬಂದಿತ್ತು. ಆದರೆ ಬಂದ ಕಾಲ ಗಮನಾರ್ಹ. ಮೊದಲ ಐದು ವರ್ಷಗಳಲ್ಲಿ ಅದು ತೀರ ವಿರಳ. ಸುಮಾರು ಹದಿನೈದು ವರ್ಷ ಕಳೆಯುವ ಹೊತ್ತಿಗೆ ಹೊಸ ಪ್ರಕರಣಗಳು ತುತ್ತತುದಿ ಮುಟ್ಟಿದವು. ಅನಂತರ ಇಳಿಯತೊಡಗಿದವು!

ಇದನ್ನು ವಿದ್ಯಾರ್ಥಿಗಳು ಗ್ರಾಫ್ ಹಾಳೆಯ ಮೇಲೆ ಬರೆದು ನೋಡಬಹುದು. ಸಕ್ಕರೆಯೊಂದೇ ಕಾರಣವಾಗಿದ್ದರೆ ವರ್ಷ ಕಳೆದಂತೆ ರೇಖೆ ಮೇಲೇರುತ್ತಲೇ ಹೋಗಬೇಕಿತ್ತು. ಅದು ಗುಡ್ಡದಂತೆ ಏರಿ ಇಳಿದಿದೆ. ರೋಗ ತಗಲುವ ಗುಣವಿದ್ದವರಿಗೆ ಅದು ಬಂದು ಮುಗಿದಿತ್ತು; ಉಳಿದವರನ್ನು ಏನೋ ಒಂದು ಕಾಯುತ್ತಿತ್ತು. ಆ ‘ಏನೋ ಒಂದು’ ವಂಶವಾಹಿಯೇ ಇರಬಹುದೇ?

ಒಡಹುಟ್ಟಿದವರ ಸಾಕ್ಷ್ಯ

ಈ ಪ್ರಶ್ನೆಗೆ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಸರಳವಾದ ಉಪಾಯ ಹೂಡಿದರು. ಮಧುಮೇಹವಿರುವ ಅಣ್ಣತಮ್ಮಂದಿರು, ಅಕ್ಕತಂಗಿಯರು ಒಬ್ಬರಿಗಿಂತ ಹೆಚ್ಚಿರುವ ಕುಟುಂಬಗಳನ್ನು ಹುಡುಕಿದರು. ಒಬ್ಬರ ಮೂತ್ರಪಿಂಡ ಕೆಟ್ಟಿದ್ದಾಗ ಇನ್ನೊಬ್ಬರದು ಹೇಗಿದೆ ಎಂದು ನೋಡಿದರು. ಉತ್ತರ 1989ರಲ್ಲಿ ಬಂತು. ಮೂತ್ರಪಿಂಡದ ರೋಗವಿದ್ದವರ 29 ಮಧುಮೇಹಿ ಒಡಹುಟ್ಟಿದವರಲ್ಲಿ 24 ಮಂದಿಗೆ, ಅಂದರೆ ಶೇಕಡಾ 83ರಷ್ಟು ಜನರಿಗೆ, ಅದೇ ರೋಗದ ಲಕ್ಷಣಗಳಿದ್ದವು. ರೋಗವಿಲ್ಲದವರ 12 ಮಧುಮೇಹಿ ಒಡಹುಟ್ಟಿದವರಲ್ಲಿ ಅಂಥವರು ಇಬ್ಬರೇ.

ಸಂಖ್ಯೆ ಚಿಕ್ಕದು, ಆದ್ದರಿಂದ ಇನ್ನೂ ದೊಡ್ಡ ಅಧ್ಯಯನಗಳು ನಡೆದವು. ಅವುಗಳಲ್ಲಿ ವ್ಯತ್ಯಾಸ ಇಷ್ಟು ತೀವ್ರವಾಗಿ ಕಾಣಲಿಲ್ಲ. 2004ರಲ್ಲಿ ಪ್ರಕಟವಾದ ಫಿನ್‌ಲೆಂಡಿನ ಅಧ್ಯಯನದಲ್ಲಿ ಒಡಹುಟ್ಟಿದವರಿಗೆ ಇರುವ ಅಪಾಯ ಎರಡು ಪಟ್ಟಿಗಿಂತ ತುಸು ಹೆಚ್ಚು ಎಂದು ಕಂಡುಬಂತು. ಪ್ರಮಾಣ ಬೇರೆಯಾದರೂ ದಿಕ್ಕು ಅದೇ.

ಆದರೂ ವಿಜ್ಞಾನಕ್ಕೆ ಸಮಾಧಾನವಿಲ್ಲ. ಒಂದೇ ಮನೆಯಲ್ಲಿ ಬೆಳೆದವರು ವಂಶವಾಹಿಯನ್ನಷ್ಟೇ ಹಂಚಿಕೊಳ್ಳುವುದಿಲ್ಲ. ಒಂದೇ ಒಲೆಯ ಅಡುಗೆ ಉಣ್ಣುತ್ತಾರೆ, ಒಂದೇ ಬಗೆಯ ಶಿಸ್ತು ಅಥವಾ ಅಶಿಸ್ತು ಕಲಿಯುತ್ತಾರೆ, ಒಬ್ಬರೇ ವೈದ್ಯರ ಬಳಿ ಹೋಗುತ್ತಾರೆ. ತೀರ್ಪು ಬೇಕಿದ್ದರೆ ಡಿಎನ್‌ಎಯನ್ನೇ ಓದಬೇಕಾಗಿತ್ತು.

ಫಿನ್‌ಲೆಂಡ್ ಏಕೆ?

ಪ್ರಪಂಚದಲ್ಲಿ ಮಕ್ಕಳಿಗೆ ಮೊದಲನೆಯ ಬಗೆಯ ಮಧುಮೇಹ ಅತಿ ಹೆಚ್ಚಾಗಿ ಬರುವ ದೇಶಗಳಲ್ಲಿ ಫಿನ್‌ಲೆಂಡ್ ಮುಂಚೂಣಿಯಲ್ಲಿದೆ. ಜನಸಂಖ್ಯೆ ಸುಮಾರು 55 ಲಕ್ಷ ಮಾತ್ರ. ಕೆಲವೇ ಮೂಲಪುರುಷರಿಂದ ಬೆಳೆದು ಬಹುಕಾಲ ಹೊರಗಿನವರೊಡನೆ ಹೆಚ್ಚು ಬೆರೆಯದೆ ಉಳಿದ ಜನ. ಅವರ ಆರೋಗ್ಯ ದಾಖಲೆಗಳೂ ಅಚ್ಚುಕಟ್ಟು. ವಂಶವಾಹಿ ಶೋಧಕರಿಗೆ ಇದಕ್ಕಿಂತ ಅನುಕೂಲವಾದ ನೆಲ ಸಿಗುವುದು ಕಷ್ಟ. ಅಲ್ಲಿ 1997ರಲ್ಲಿ ಪೆರ್-ಹೆನ್ರಿಕ್ ಗ್ರೂಪ್ ಅವರ ನೇತೃತ್ವದಲ್ಲಿ ‘ಫಿನ್‌ಡಯಾನ್’ ಅಧ್ಯಯನ ಆರಂಭವಾಯಿತು. ದೇಶದಾದ್ಯಂತ ಸಾವಿರಾರು ಮಧುಮೇಹಿಗಳು ರಕ್ತವನ್ನೂ ತಮ್ಮ ಕಾಯಿಲೆಯ ಚರಿತ್ರೆಯನ್ನೂ ಕೊಟ್ಟರು.

ಆ ಕಾಲದಲ್ಲಿ ಸಂಶೋಧಕರು ಒಂದೊಂದೇ ವಂಶವಾಹಿಯ ಮೇಲೆ ಅನುಮಾನಪಟ್ಟು ಪರೀಕ್ಷಿಸುತ್ತಿದ್ದರು. ರಕ್ತದೊತ್ತಡವನ್ನು ಏರಿಸುವ ಕ್ರಿಯೆಯಲ್ಲಿ ಪಾಲುಗೊಳ್ಳುವ ಎಸಿಇ ಎಂಬ ಕಿಣ್ವದ ವಂಶವಾಹಿ ಮುಖ್ಯ ಶಂಕಿತನಾಗಿತ್ತು. ಅದರಲ್ಲಿ ಒಂದು ತುಣುಕು ಇಲ್ಲದವರಲ್ಲಿ ಆ ಕಿಣ್ವ ಹೆಚ್ಚು. ಕೆಲವು ಅಧ್ಯಯನಗಳು ‘ಇವನೇ ಕಳ್ಳ’ ಎಂದವು, ಕೆಲವು ‘ಅಲ್ಲ’ ಎಂದವು. ಹೀಗೆ ಹೆಸರು ಕೇಳಿಬಂದು ಮರುಪರೀಕ್ಷೆಯಲ್ಲಿ ಮಂಕಾದ ವಂಶವಾಹಿಗಳು ಹಲವು. ನೂರಿನ್ನೂರು ಜನರನ್ನು ನೋಡಿ ತೀರ್ಮಾನಿಸುವುದು ಸಲ್ಲದು ಎಂಬ ಪಾಠ ಎಲ್ಲರಿಗೂ ಆಯಿತು.

ಒಂದು ಅಕ್ಷರದ ಮಹಿಮೆ

ನಮ್ಮ ಡಿಎನ್‌ಎಯನ್ನು ಸುಮಾರು 300 ಕೋಟಿ ಅಕ್ಷರಗಳ ಗ್ರಂಥವೆಂದು ಭಾವಿಸಬಹುದು. ಒಬ್ಬರಿಂದೊಬ್ಬರಿಗೆ ಅಲ್ಲಲ್ಲಿ ಒಂದೊಂದು ಅಕ್ಷರ ಬೇರೆಯಾಗಿರುತ್ತದೆ. ಇಂಥ ಲಕ್ಷಾಂತರ ಜಾಗಗಳನ್ನು ಒಟ್ಟಿಗೇ ಓದುವ ತಂತ್ರ ಕೈಗೆ ಬಂದ ಮೇಲೆ ಹಲವು ದೇಶಗಳ ತಂಡಗಳು ಒಂದಾದವು. 2019ರಲ್ಲಿ ಐರೋಪ್ಯ ಮೂಲದ 19,406 ಮಂದಿ ಮೊದಲನೆಯ ಬಗೆಯ ಮಧುಮೇಹಿಗಳ ಡಿಎನ್‌ಎ ಹೋಲಿಸಿದ ಫಲಿತಾಂಶ ಹೊರಬಿತ್ತು. ಮೂತ್ರಪಿಂಡದ ರೋಗದೊಡನೆ ನಂಟಿರುವ 16 ಜಾಗಗಳು ಸಿಕ್ಕಿದವು.

ಅವುಗಳಲ್ಲಿ ಎದ್ದು ಕಂಡದ್ದು ಎರಡನೆಯ ವರ್ಣತಂತುವಿನಲ್ಲಿರುವ ಸಿಒಎಲ್4ಎ3 ಎಂಬ ವಂಶವಾಹಿ. ಇದರ ಕೆಲಸವನ್ನು ಕೇಳಿದರೆ ಯಾರಿಗಾದರೂ ರೋಮಾಂಚನವಾಗಬೇಕು. ಗ್ಲೊಮೆರುಲಸ್ಸಿನ ಶೋಧಕ ಪೊರೆಯನ್ನು ಕಟ್ಟಿರುವುದು ನಾಲ್ಕನೆಯ ಬಗೆಯ ಕೊಲಾಜೆನ್. ಮೂರು ಎಳೆಗಳನ್ನು ಹೊಸೆದ ಹಗ್ಗದಂತಿರುವ ಈ ಕೊಲಾಜೆನ್ನಿನ ಒಂದು ಎಳೆಗೆ ಬೇಕಾದ ಸೂಚನೆ ಇರುವುದು ಇದೇ ವಂಶವಾಹಿಯಲ್ಲಿ! ಇದರಲ್ಲಿ ದೊಡ್ಡ ದೋಷವಾದರೆ ಮಧುಮೇಹವಿಲ್ಲದಿದ್ದರೂ ಮೂತ್ರಪಿಂಡ ಕೆಡುವ ಆಲ್‌ಪೋರ್ಟ್ ಎಂಬ ರೋಗ ಬರುತ್ತದೆ ಎಂಬುದು ಮೊದಲೇ ತಿಳಿದಿತ್ತು.

ಈಗ ಸಿಕ್ಕಿದ ಬದಲಾವಣೆ ಮಾತ್ರ ಕೆಡುಕಿನದಲ್ಲ, ಕಾಯುವಂಥದು. ಆ ಎಳೆಯ 326ನೆಯ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲದ ಬದಲು ಟೈರೊಸಿನ್ ಎಂಬ ಅಮೈನೊ ಆಮ್ಲ ಬಂದು ಕುಳಿತಿರುತ್ತದೆ. ಅಂಥವರಲ್ಲಿ ರೋಗದ ಸಾಧ್ಯತೆ ಸುಮಾರು ಐದನೇ ಒಂದು ಭಾಗದಷ್ಟು ತಗ್ಗಿತ್ತು. ಮೂತ್ರಪಿಂಡ ಇನ್ನೂ ಕೆಡದವರ ಪೊರೆಯನ್ನು ಅಳೆದಾಗ, ಈ ಬದಲಾವಣೆ ಇದ್ದವರಲ್ಲಿ ಅದು ತೆಳುವಾಗಿತ್ತು. ಇನ್ನೂ ಒಂದು ಸೂಕ್ಷ್ಮವಿದೆ. ಈ ರಕ್ಷಣೆ ಎದ್ದು ಕಂಡದ್ದು ಸಕ್ಕರೆ ಹತೋಟಿ ಸಡಿಲವಾಗಿದ್ದವರಲ್ಲಿ. ಹತೋಟಿ ಚೆನ್ನಾಗಿದ್ದವರಲ್ಲಿ ಆ ಅಕ್ಷರ ಇದ್ದರೂ ಇಲ್ಲದಿದ್ದರೂ ಅಂಥ ವ್ಯತ್ಯಾಸ ಕಾಣಲಿಲ್ಲ. ಮಳೆ ಬಾರದ ದಿನ ಮಾಡು ಗಟ್ಟಿಯೋ ಸೋರುವುದೋ ಎಂಬುದು ಗೊತ್ತಾಗುವುದಿಲ್ಲವಷ್ಟೆ!

ಮೊದಲನೆಯ ಬಗೆಯ ಮಧುಮೇಹವನ್ನೇ ತರುವ ವಂಶವಾಹಿಗಳಲ್ಲಿ ಮುಖ್ಯವಾದವು ಆರನೆಯ ವರ್ಣತಂತುವಿನ ಎಚ್‌ಎಲ್‌ಎ ಭಾಗದಲ್ಲಿವೆ. ಅಂದರೆ ಕಾಯಿಲೆ ಬರಿಸುವ ಅಕ್ಷರಗಳು ಬೇರೆ, ಆ ಕಾಯಿಲೆ ಮೂತ್ರಪಿಂಡಕ್ಕೆ ಇಳಿಯುವಂತೆ ಮಾಡುವ ಅಕ್ಷರಗಳು ಬೇರೆ.

ಪ್ರಕೃತಿ ನಡೆಸಿದ ಪ್ರಯೋಗ

ವಂಶವಾಹಿಯ ಓದಿನಿಂದ ಇನ್ನೊಂದು ಲಾಭವೂ ಆಗಿದೆ. ಮೂತ್ರಪಿಂಡ ಕೆಡುತ್ತಿರುವವರ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚು. ಹಾಗಾದರೆ ಅದೇ ಕಾರಣವೋ, ಅಥವಾ ಬರಿಯ ಪರಿಣಾಮವೋ? ಕೆಲವರಿಗೆ ಹುಟ್ಟಿನಿಂದಲೇ ಯೂರಿಕ್ ಆಮ್ಲವನ್ನು ಹೆಚ್ಚಿಸುವ ವಂಶವಾಹಿಗಳಿರುತ್ತವೆ. ಯೂರಿಕ್ ಆಮ್ಲವೇ ಅಪರಾಧಿಯಾಗಿದ್ದರೆ ಅಂಥವರಲ್ಲಿ ರೋಗವೂ ಹೆಚ್ಚಿರಬೇಕಿತ್ತು. ಹಾಗೆ ಇಲ್ಲವೆಂದು ಫಿನ್‌ಲೆಂಡಿನ ತಂಡ 2017ರಲ್ಲಿ ತಿಳಿಸಿತು. 2020ರಲ್ಲಿ 530 ಮಧುಮೇಹಿಗಳ ಮೇಲಿನ ಔಷಧ ಪ್ರಯೋಗದ ಫಲಿತಾಂಶ ಬಂತು. ಅಲೋಪ್ಯೂರಿನಾಲ್ ಮಾತ್ರೆಯಿಂದ ಯೂರಿಕ್ ಆಮ್ಲ ಇಳಿಯಿತು. ಮೂತ್ರಪಿಂಡಕ್ಕೆ ಮಾತ್ರ ಪ್ರಯೋಜನವಾಗಲಿಲ್ಲ. ವಂಶವಾಹಿ ಮೊದಲೇ ಹೇಳಿದ್ದು ನಿಜವಾಯಿತು. ಇದೇ ವಿಧಾನದಿಂದ ದೇಹದ ಅತಿತೂಕವನ್ನು ಪರೀಕ್ಷಿಸಿದಾಗ, ಅದು ಮೂತ್ರಪಿಂಡಕ್ಕೆ ನಿಜವಾಗಿಯೂ ಕೇಡು ಎಂಬ ಉತ್ತರ 2015ರಲ್ಲಿ ಸಿಕ್ಕಿತ್ತು.

ಇದು ಹಣೆಬರಹವೇ?

ಮಗುವಿಗೆ ಸಕ್ಕರೆ ಕಾಯಿಲೆ ಎಂದು ತಿಳಿದ ದಿನ ತಾಯಿತಂದೆಯರ ಎದೆ ಒಡೆಯುತ್ತದೆ. ‘ನಮ್ಮ ಕಡೆಯಿಂದ ಬಂತೋ, ನಿಮ್ಮ ಕಡೆಯಿಂದ ಬಂತೋ’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಏಳುತ್ತದೆ. ಹೆಚ್ಚಾಗಿ ಆ ದೂರು ತಾಯಿಯ ತಲೆಗೇ ಕಟ್ಟುತ್ತದೆ. ಇದಕ್ಕೆ ಆಧಾರವಿಲ್ಲ. ಮೊದಲನೆಯ ಬಗೆಯ ಮಧುಮೇಹ ಬಂದ ಹತ್ತು ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳ ಹತ್ತಿರದ ಬಂಧುಗಳಲ್ಲಿ ಆ ಕಾಯಿಲೆ ಇರುವುದೇ ಇಲ್ಲ. ಮಗುವಿಗೆ ವಂಶವಾಹಿಗಳು ಎರಡೂ ಕಡೆಯಿಂದ ಬಂದಿರುತ್ತವೆ. ಯಾವುದನ್ನು ದಾಟಿಸಬೇಕೆಂದು ಆರಿಸುವ ಅಧಿಕಾರ ಯಾರ ಕೈಯಲ್ಲೂ ಇಲ್ಲ.

ಮೂತ್ರಪಿಂಡದ ವಿಷಯಕ್ಕೆ ಬಂದರೆ, ಜನರ ನಡುವಿನ ವ್ಯತ್ಯಾಸದಲ್ಲಿ ಸುಮಾರು ಶೇಕಡಾ 35ರಷ್ಟನ್ನು ವಂಶವಾಹಿಗಳು ವಿವರಿಸುತ್ತವೆ ಎಂದು 2017ರ ಒಂದು ಅಂದಾಜು ಹೇಳುತ್ತದೆ. ಇದನ್ನು ‘ನನ್ನ ಮಗುವಿಗೆ ರೋಗ ಬರುವ ಸಂಭವ ಶೇಕಡಾ 35’ ಎಂದು ಓದಿಕೊಳ್ಳಬಾರದು. ಒಂದು ಸಮುದಾಯದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರದ ಲೆಕ್ಕ ಅದು.

ಫಿನ್‌ಲೆಂಡಿನದೇ ಇನ್ನೊಂದು ಲೆಕ್ಕವಿದೆ. 1965ರಿಂದ 1999ರವರೆಗೆ, ಮೂವತ್ತು ವರ್ಷ ತುಂಬುವ ಮೊದಲೇ ಮಧುಮೇಹ ಬಂದ 20,005 ಮಂದಿಯನ್ನು ಗಮನಿಸಿದ ವರದಿ 2005ರಲ್ಲಿ ಪ್ರಕಟವಾಯಿತು. ಕಾಯಿಲೆ ಬಂದು 20 ವರ್ಷವಾಗುವಾಗ ಶೇಕಡಾ 2.2ರಷ್ಟು, 30 ವರ್ಷವಾಗುವಾಗ ಶೇಕಡಾ 7.8ರಷ್ಟು ಜನರ ಮೂತ್ರಪಿಂಡ ಕೊನೆಯ ಹಂತ ತಲುಪಿತ್ತು. ಈಚಿನ ವರ್ಷಗಳಲ್ಲಿ ಕಾಯಿಲೆ ಬಂದವರಲ್ಲಿ ಅಪಾಯ ಹಿಂದಿನವರಿಗಿಂತ ಕಡಿಮೆ ಇತ್ತು. ಮೂವತ್ತು ವರ್ಷಗಳಲ್ಲಿ ಒಂದು ದೇಶದ ಜನರ ವಂಶವಾಹಿಗಳು ಬದಲಾಗುವುದಿಲ್ಲ. ಬದಲಾದದ್ದು ಆರೈಕೆ.

ಕೈಯಲ್ಲಿರುವ ಕೀಲಿಗಳು

ಆರೈಕೆಯ ಶಕ್ತಿಗೆ ಗಟ್ಟಿ ಪುರಾವೆ ಸಿಕ್ಕಿದ್ದು 1993ರಲ್ಲಿ. ಅಮೆರಿಕ ಮತ್ತು ಕೆನಡಾಗಳಲ್ಲಿ 1,441 ಮಂದಿಯ ಮೇಲೆ ನಡೆದ ಡಿಸಿಸಿಟಿ ಪ್ರಯೋಗದಲ್ಲಿ ಒಂದು ಗುಂಪು ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟಿತು, ಇನ್ನೊಂದು ಅಂದಿನ ಸಾಮಾನ್ಯ ಚಿಕಿತ್ಸೆ ಪಡೆಯಿತು. ಬಿಗಿ ಹತೋಟಿಯ ಗುಂಪಿನಲ್ಲಿ ಆಲ್ಬುಮಿನ್ ಸೋರಿಕೆಯ ಮೊದಲ ಹಂತ ಶೇಕಡಾ 39ರಷ್ಟೂ ಮುಂದಿನ ಹಂತ ಶೇಕಡಾ 54ರಷ್ಟೂ ತಗ್ಗಿತು. ಅದೇ ವರ್ಷ ಇನ್ನೊಂದು ಶುಭವಾರ್ತೆಯೂ ಬಂತು. ಬ್ರೆಜಿಲಿನ ಮಂಡಲದ ಜಾತಿಯ ಹಾವಿನ ವಿಷದ ಅಧ್ಯಯನದಿಂದ ಹುಟ್ಟಿದ ಕ್ಯಾಪ್ಟೊಪ್ರಿಲ್ ಎಂಬ ಔಷಧವನ್ನು, ಮೂತ್ರಪಿಂಡ ಈಗಾಗಲೇ ಕೆಡುತ್ತಿದ್ದ 409 ಮಧುಮೇಹಿಗಳ ಮೇಲೆ ಪರೀಕ್ಷಿಸಲಾಗಿತ್ತು. ಸಾವು, ಡಯಾಲಿಸಿಸ್, ಮೂತ್ರಪಿಂಡ ಜೋಡಣೆಗಳ ಒಟ್ಟು ಅಪಾಯ ಅರ್ಧಕ್ಕೆ ಇಳಿದಿತ್ತು. ಆ ವರ್ಗದ ಔಷಧಗಳನ್ನು ವೈದ್ಯರು ಇಂದಿಗೂ ಬರೆದುಕೊಡುತ್ತಾರೆ.

ಸೋರಿಕೆ ಶುರುವಾದೊಡನೆ ಎಲ್ಲ ಮುಗಿಯಿತೆಂದೂ ಅಲ್ಲ. ಬಾಸ್ಟನ್ನಿನಲ್ಲಿ ಮೊದಲ ಹಂತದ ಸೋರಿಕೆಯಿದ್ದ 386 ಮಂದಿಯನ್ನು ಆರು ವರ್ಷ ಗಮನಿಸಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅದು ಗಣನೀಯವಾಗಿ ತಗ್ಗಿತ್ತು. 2003ರ ಈ ವರದಿ ಎಷ್ಟೋ ಜನರಿಗೆ ಧೈರ್ಯ ಕೊಟ್ಟಿತು.

ಹಾಗಾದರೆ ಮಾಡಬೇಕಾದ್ದೇನು? ಕಾಯಿಲೆ ಬಂದು ಐದು ವರ್ಷವಾದ ಮೇಲೆ ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್ ಪರೀಕ್ಷೆ ತಪ್ಪಬಾರದು. ಹದಿಹರೆಯದ ಮಕ್ಕಳಿಗೆ ವೈದ್ಯರು ಇದನ್ನು ಇನ್ನೂ ಬೇಗ ಆರಂಭಿಸಬಹುದು. ಜ್ವರವಿದ್ದಾಗ ಅಥವಾ ಜೋರಾಗಿ ಆಟವಾಡಿದ ಮೇಲೆ ತಾತ್ಕಾಲಿಕವಾಗಿ ಆಲ್ಬುಮಿನ್ ಹೆಚ್ಚಿರುವುದುಂಟು. ಆದ್ದರಿಂದ ಒಂದು ವರದಿ ನೋಡಿ ಕಂಗೆಡದೆ ಮತ್ತೆ ಪರೀಕ್ಷಿಸಬೇಕು. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಮತ್ತು ರಕ್ತದೊತ್ತಡದ ತಪಾಸಣೆ ನಿಯಮಿತವಾಗಿ ಆಗಬೇಕು. ಬೀಡಿ-ಸಿಗರೇಟು ಹತ್ತಿರ ಸುಳಿಯಬಾರದು. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಾವಾಗಿಯೇ ತಂದು ನುಂಗಬಾರದು. ಯಾರೋ ಹೇಳಿದರೆಂದು ಬೇರು-ಕಷಾಯ ನಂಬಿ ಮೊದಲನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ.

ಮನೆಯಲ್ಲಿ ಮಧುಮೇಹವಿರುವ ಇನ್ನೊಬ್ಬರಿಗೆ ಮೂತ್ರಪಿಂಡದ ರೋಗವಿದ್ದರೆ, ಅಥವಾ ತಾಯಿತಂದೆಯರಿಗೆ ರಕ್ತದೊತ್ತಡವಿದ್ದರೆ ಅದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಇಂದಿನ ಮಟ್ಟಿಗೆ ಮಗುವಿನ ಡಿಎನ್‌ಎ ಓದಿಸುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಈ ಕುಟುಂಬದ ಚರಿತ್ರೆಯೇ. ಹುಡುಗಿಯ ಮದುವೆಗೆ ಅಡ್ಡಿಯಾದೀತೆಂದು ಕಾಯಿಲೆಯನ್ನು ಬಚ್ಚಿಡುವ, ಶಾಲೆಯಲ್ಲಿ ಗೊತ್ತಾದೀತೆಂದು ಮಧ್ಯಾಹ್ನದ ಚುಚ್ಚುಮದ್ದು ತಪ್ಪಿಸುವ ಮನೆಗಳಿವೆ. ವಂಶವಾಹಿಯಿಂದ ಆಗುವ ಕೇಡಿಗಿಂತ ಈ ಸಂಕೋಚದಿಂದ ಆಗುವ ಕೇಡು ದೊಡ್ಡದು.

ಮುಂದೊಂದು ದಿನ ಆ ಕೊಲಾಜೆನ್ ಎಳೆಯ ಗುಟ್ಟು ಹಿಡಿದು ಹೊಸ ಔಷಧ ಬರಬಹುದು. ಆ ಶೋಧದಲ್ಲಿ ಇಂದು ಶಾಲೆಯ ಬೆಂಚಿನ ಮೇಲೆ ಕುಳಿತಿರುವ ಯಾವುದೋ ಹುಡುಗ, ಹುಡುಗಿಯ ಪಾಲೂ ಇರಬಹುದು. ಅಲ್ಲಿಯವರೆಗೆ ವರ್ಷಕ್ಕೊಮ್ಮೆ ಪ್ರಯೋಗಶಾಲೆಗೆ ಒಂದು ಪುಟ್ಟ ಶೀಶೆ ಮೂತ್ರ ಕೊಟ್ಟು, ವರದಿಯನ್ನು ಹಿಂದಿನ ವರ್ಷದ ವರದಿಯ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಪ್ರತಿ ಮನೆಯಲ್ಲೂ ಬೆಳೆಯಲಿ.